ಬೆಟ್ಟದಂಚಿನ ಒಂಟಿಮನೆಯಲ್ಲಿ ನಾಯಿ ಸಾಕುವುದು ಹೇಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಒಂಟಿಮನೆಗೆ ನಾಯಿ ತರುವವರು ಮೊದಲು ಕೇಳುವುದು ಯಾವ ಜಾತಿಯದ್ದು ತರಬೇಕು ಎಂದು. ಅದಕ್ಕೂ ಮೊದಲು ತೀರ್ಮಾನ ಆಗಬೇಕಾದ್ದು ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ತೋಟ, ಅದರಾಚೆ ಹಳ್ಳ, ಕೂಗಿದರೆ ಕೇಳಿಸದಷ್ಟು ದೂರ ಪಕ್ಕದ ಮನೆ. ಇಂಥ ಜಾಗದಲ್ಲಿ ಚಿರತೆಗೆ ನಾಯಿಗಿಂತ ಸುಲಭದ ಬೇಟೆ ಇನ್ನೊಂದಿಲ್ಲ. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಮನೆ ಕಾಯುವುದಿಲ್ಲ. ಅದಕ್ಕೆ ಓಡಲೂ ಆಗದು, ಅಡಗಲೂ ಆಗದು. ಚಿರತೆ ಬಂದಾಗ ಹೆಚ್ಚು ಸದ್ದೂ ಆಗುವುದಿಲ್ಲ, ಬೆಳಿಗ್ಗೆ ಸರಪಳಿ ಮಾತ್ರ ಉಳಿದಿರುತ್ತದೆ.

ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ನಾಯಿ ಒಳಗೆ, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಗೆ. ಉಳಿದದ್ದೆಲ್ಲ ಇದರ ನಂತರ.

ರಾತ್ರಿಯ ಜಾಗ

ಎಲ್ಲಕ್ಕಿಂತ ಒಳ್ಳೆಯದು ಮನೆಯೊಳಗೇ, ಬಾಗಿಲು ಹಾಕಿದ ಜಗಲಿ ಅಥವಾ ನಡುಮನೆಯ ಮೂಲೆ. ಅದು ಒಗ್ಗದವರು ಮನೆಯ ಗೋಡೆಗೆ ತಾಗಿಸಿ ಸುಮಾರು 5 ಅಡಿ ಉದ್ದ, 4 ಅಡಿ ಅಗಲದ ಗೂಡು ಕಟ್ಟಬಹುದು. ಕೋಳಿಗೂಡಿಗೆ ಹಾಕುವ ತೆಳು ಜಾಲರಿ ಇಲ್ಲಿ ಪ್ರಯೋಜನಕ್ಕಿಲ್ಲ, ಚಿರತೆ ಅದನ್ನು ಉಗುರಿನಿಂದಲೇ ಹರಿಯುತ್ತದೆ. ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿ ಅಥವಾ ಕಬ್ಬಿಣದ ಸರಳು ಬೇಕು. ಸರಳುಗಳ ನಡುವೆ ಎರಡು ಇಂಚಿಗಿಂತ ಹೆಚ್ಚು ಸಂದು ಬೇಡ. ಸಂದು ದೊಡ್ಡದಿದ್ದರೆ ಚಿರತೆ ಪಂಜ ಒಳಗೆ ತೂರಿಸಿ ನಾಯಿಯನ್ನು ಸರಳಿನ ಹತ್ತಿರ ಎಳೆದುಕೊಳ್ಳುತ್ತದೆ.

ಜನ ಮರೆಯುವುದು ಮಾಡನ್ನು. ಸುತ್ತ ಭದ್ರ ಮಾಡಿ ಮೇಲೆ ನಾಲ್ಕು ಹಂಚು ಇಟ್ಟರೆ ಚಿರತೆ ಹಂಚು ಸರಿಸಿ ಇಳಿಯುತ್ತದೆ. ಹಂಚಿನ ಕೆಳಗೆ ಅದೇ ಜಾಲರಿಯನ್ನು ಹೊಡೆಯಿರಿ. ಬಾಗಿಲಿನ ಚಿಲಕ ಹೊರಗಡೆ, ಮೇಲೊಂದು ಕೆಳಗೊಂದು ಇರಲಿ. ಒಂದೇ ಚಿಲಕದ ಬಾಗಿಲು ಕೆಳಮೂಲೆಯಲ್ಲಿ ಬಾಗಿ ಸಂದು ಬಿಡುತ್ತದೆ.

ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ ಹಾಕಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಬರಿನೆಲದಲ್ಲಿ ಮಲಗಿದ ನಾಯಿಯ ಹೊಟ್ಟೆಯ ಕೆಳಗೆ ಕಜ್ಜಿ ಹತ್ತುವುದು ಅಲ್ಲಿಂದಲೇ. ಹಾಸಲು ಗೋಣಿಚೀಲ ಸಾಕು, ಆದರೆ ಎರಡು ಜೊತೆ ಇರಬೇಕು: ಒಂದು ಕೆಳಗೆ, ಒಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಾ. ವಾರಕ್ಕೊಮ್ಮೆ ಬದಲಿಸಿ, ತೆಗೆದದ್ದನ್ನು ಕುದಿನೀರಿಗೆ ಹಾಕಿ. ದರಕು ಹಾಸಬೇಡಿ. ಬೆಟ್ಟದಿಂದ ತಂದ ಒಣ ಎಲೆಯ ಜೊತೆ ರಕ್ತ ಹೀರುವ ಉಣುಗೂ (ಉಣ್ಣೆ) ಮನೆಗೆ ಬರುತ್ತದೆ.

ಉಣುಗು ಎಂದಾಗ ಗೋಡೆಯ ಮಾತೂ ಬರುತ್ತದೆ. ನಾಯಿಯ ಮೈಯ ಕಂದು ಉಣುಗು ಮೊಟ್ಟೆ ಇಡುವುದು ನಾಯಿಯ ಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಗಿಲಾಯಿ ಮಾಡದ ಚಿರೆಕಲ್ಲಿನ ಗೋಡೆಯ ತುಂಬ ತೂತು, ಅದಕ್ಕೆ ಹೇಳಿ ಮಾಡಿಸಿದ ಜಾಗ. ನಾಯಿ ಮಲಗುವ ಕಡೆ ನೆಲದಿಂದ ನಾಲ್ಕಡಿಯವರೆಗೆ ಗಿಲಾಯಿ ಮಾಡಿಸಿ ಸುಣ್ಣ ಬಳಿಸಿದರೆ ಅರ್ಧ ಔಷಧಿ ಉಳಿಯುತ್ತದೆ.

ಯಾವ ನಾಯಿ

ಊರ ನಾಯಿಯೇ ಸರಿ. ಗಿಡ್ಡ ಕೂದಲು, 15ರಿಂದ 20 ಕಿಲೋ ತೂಕ, ಮಳೆಯಲ್ಲಿ ನೆನೆದರೂ ಬೇಗ ಒಣಗುವ ಮೈ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರಿನಲ್ಲಿ ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್‌ನಂಥ ದಪ್ಪ ಕೂದಲಿನವು ಒಳಮೈ ಒಣಗದೆ ಕೊಳೆಯುತ್ತವೆ. ಮುಧೋಳ ನಾಯಿ ಚೆಂದ, ಆದರೆ ಅದು ಬಯಲುಸೀಮೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲೆಂದು ಬೆಳೆದ ತಳಿ. ಕಾಡಿನಂಚಿನಲ್ಲಿ ಬೆನ್ನಟ್ಟುವ ನಾಯಿಯೇ ಮೊದಲು ಕಳೆದುಹೋಗುವುದು. ಅದರ ತೆಳು ಚರ್ಮವೂ ಬಿದಿರಮುಳ್ಳಿಗೆ ತಡೆಯುವುದಿಲ್ಲ.

ಮರಿಯನ್ನು ತಾಯಿಯಿಂದ ಬಿಡಿಸುವುದು ಎಂಟು ವಾರ ತುಂಬಿದ ಮೇಲೆ. ಹೆಣ್ಣಾಗಲಿ ಗಂಡಾಗಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಯಾವ ವಯಸ್ಸಿಗೆ ಎಂಬುದನ್ನು ಪಶುವೈದ್ಯರು ನೋಡಿ ಹೇಳುತ್ತಾರೆ. ಬೆದೆಗೆ ಬಂದ ಹೆಣ್ಣಿನ ವಾಸನೆಗೆ ಗಂಡುನಾಯಿ ರಾತ್ರಿ ಗೂಡು ಕೆರೆದು ಹೊರಬೀಳುತ್ತದೆ, ಕಾಡಿನ ದಾರಿ ಹಿಡಿದು ಮೈಲುಗಟ್ಟಲೆ ಹೋಗುತ್ತದೆ. ಮೇಲೆ ಹೇಳಿದ ಗೂಡಿನ ಕೆಲಸವೆಲ್ಲ ಆಗ ವ್ಯರ್ಥ.

ಕರೆದರೆ ಬರುವುದು

ಕೂರು, ಕೈ ಕೊಡು ಎಂಬುದೆಲ್ಲ ಬಿಟ್ಟರೂ ನಡೆಯುತ್ತದೆ. ಕರೆದ ತಕ್ಷಣ ತಿರುಗಿ ಬರುವುದೊಂದನ್ನು ಬಿಡುವಂತಿಲ್ಲ. ಗಾಳಿ ಮಳೆಯಲ್ಲಿ ಬಾಯಿಕೂಗು ಕೇಳಿಸದು, ಒಂದು ಸೀಟಿ ಇಟ್ಟುಕೊಳ್ಳಿ. ಮೊದಲ ವಾರ ಊಟದ ತಟ್ಟೆ ಇಡುವ ಮುಂಚೆ ಎರಡು ಸಲ ಊದಿ, ಅಷ್ಟೇ. ಎರಡನೇ ವಾರ ಅಂಗಳದಲ್ಲಿ, 10 ಮೀಟರ್ ಹಗ್ಗ ಕಟ್ಟಿ, ಊದಿ, ಬಂದ ಕೂಡಲೇ ಬೇಯಿಸಿದ ಮೀನಿನ ಚೂರೋ ಮೊಟ್ಟೆಯ ಚೂರೋ ಕೊಡಿ. ಬಾರದಿದ್ದರೆ ಇನ್ನೊಮ್ಮೆ ಊದದೆ ಹಗ್ಗವನ್ನು ಮೆತ್ತಗೆ ಸೆಳೆಯಿರಿ. ಆಮೇಲೆ ತೋಟದೊಳಗೆ, ಅದು ಏನನ್ನೋ ಮೂಸುತ್ತಿರುವಾಗ. ತಿಂಗಳೊಪ್ಪತ್ತು ಹಗ್ಗ ಬಿಚ್ಚಬೇಡಿ.

ಕೆಡುವುದು ಎರಡು ಕಾರಣಕ್ಕೆ. ತಡವಾಗಿ ಬಂದ ನಾಯಿಗೆ ಏಟು ಕೊಟ್ಟರೆ, ಬಂದದ್ದಕ್ಕೇ ಏಟು ಬಿತ್ತೆಂದು ಅದು ತಿಳಿಯುತ್ತದೆ, ಮುಂದೆ ದೂರ ನಿಂತು ನೋಡುತ್ತದೆ. ಇನ್ನೊಂದು, ಕಟ್ಟಿಹಾಕುವಾಗ ಮಾತ್ರ ಕರೆಯುವುದು. ದಿನಕ್ಕೆ ನಾಲ್ಕೈದು ಸಲ ಕರೆದು, ತಿನಿಸು ಕೊಟ್ಟು, ಮತ್ತೆ ಬಿಟ್ಟುಬಿಡಿ.

ಇದು ಯಾಕಿಷ್ಟು ಮುಖ್ಯ ಎಂದರೆ ಕಾಟಿ (ಕಾಡುಕೋಣ) ಮತ್ತು ಕರಡಿ. ನಾಯಿ ಕಾಟಿಯನ್ನು ಕಂಡು ಬೊಗಳುತ್ತಾ ನುಗ್ಗುತ್ತದೆ, ಕಾಟಿ ತಿರುಗಿ ನಿಂತಾಗ ನೇರ ನಿಮ್ಮ ಕಾಲ ಬುಡಕ್ಕೆ ಓಡಿಬರುತ್ತದೆ. ಹಿಂದೆ ಕಾಟಿಯೂ. ಜೋಯಿಡಾ, ದಾಂಡೇಲಿ ಕಡೆ ಕರಡಿಯದ್ದೂ ಇದೇ ಕಥೆ. ಕಾಲುದಾರಿಯಲ್ಲಿ ನಾಯಿ ಹಗ್ಗದಲ್ಲೇ ಇರಲಿ, ಕುತ್ತಿಗೆಪಟ್ಟಿಗೊಂದು ಸಣ್ಣ ಗಂಟೆ ಇರಲಿ. ಪಟ್ಟಿ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಹೋಗಬೇಕು.

ಬೊಗಳುವುದರಲ್ಲಿ ವ್ಯತ್ಯಾಸವಿದೆ, ಆರು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ. ಒಂದೇ ಜಾಗದಲ್ಲಿ ನಿಂತು, ಮುಂದೆ ಹಾರಿ ಹಿಂದೆ ಜಿಗಿಯುತ್ತಾ ಚುಟುಕಾಗಿ ಬೊಗಳಿದರೆ ಹಾವು ಇರುವ ಸಂಭವ ಹೆಚ್ಚು. ಬೇಲಿಯುದ್ದಕ್ಕೂ ಓಡುತ್ತಾ ಬೊಗಳಿದರೆ ಹಂದಿಯೋ ದನವೋ ಹೊರಗೆ ನಡೆಯುತ್ತಿದೆ. ಮರದ ಮೇಲೆ ನೋಡಿ ಕುಂಯ್‌ಗುಟ್ಟಿದರೆ ಮಂಗ ಅಥವಾ ಕೆಂಚಳಿಲು. ಬೊಗಳುವುದೇ ನಿಂತು, ಬಾಲ ಒಳಗೆಳೆದು ನಿಮ್ಮ ಕಾಲ ಸಂದಿಗೆ ಬಂದು ನಿಂತರೆ ಬ್ಯಾಟರಿ ಹಿಡಿದು ನೋಡಲು ಹೋಗಬೇಡಿ, ನಾಯಿಯನ್ನು ಕರೆದುಕೊಂಡು ಒಳಗೆ ನಡೆಯಿರಿ.

ಉಣುಗು, ಉಂಬಳ, ಮೂಗಿನ ಜಿಗಣೆ

ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿನಲ್ಲೂ ಜೀವ ತೆಗೆದಿದೆ. ಅದನ್ನು ಹರಡುವುದು ಕಾಡಿನ ಸಣ್ಣ ಉಣುಗು, ಎಳ್ಳುಕಾಳಿಗಿಂತ ಚಿಕ್ಕ ಮರಿಗಳು. ಬೆಟ್ಟ ಸುತ್ತಿ ಬಂದ ನಾಯಿ ಅವನ್ನು ಜಗಲಿಯವರೆಗೆ ಹೊತ್ತು ತರುತ್ತದೆ. ಸತ್ತ ಮಂಗದ ಹತ್ತಿರ ನಾಯಿಯನ್ನು ಬಿಡಲೇಬಾರದು, ಹೆಣ ತಣ್ಣಗಾದ ಕೂಡಲೇ ಉಣುಗುಗಳು ಇಳಿದು ಬೇರೆ ಮೈ ಹುಡುಕುತ್ತವೆ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಮನುಷ್ಯರ ಕೈಕಾಲಿಗೆ. ನಾಯಿಗೆ ಹಚ್ಚಬೇಡಿ, ನೆಕ್ಕುತ್ತದೆ.

ಆ ಆರು ತಿಂಗಳು ಪ್ರತಿದಿನ ಸಂಜೆ, ಒಳಗೆ ಸೇರಿಸುವ ಮುಂಚೆ, ಅಂಗಳದಲ್ಲೇ ನಾಯಿಯ ಮೈ ನೋಡಬೇಕು. ಕಿವಿಯ ಒಳಮಡಿಕೆ, ಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ಬೆರಳ ಸಂದು, ಬಾಲದ ಬುಡ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ತಿರುಚಬೇಡಿ. ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು ಬೇಡ. ಹಾಗೆ ಮಾಡಿದಾಗ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಾರುವ ಸಂಭವವಿದೆ. ತೆಗೆದದ್ದನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ. ಉಗುರಿನಲ್ಲಿ ಕುಕ್ಕುವ ಅಭ್ಯಾಸ ಇದ್ದವರು ಬಿಡಬೇಕು.

ಔಷಧಿಯಲ್ಲಿ ತಿಂಗಳಿಗೊಮ್ಮೆ ಕೊಡುವ ಮಾತ್ರೆ ಇದೆ, 12 ವಾರ ಕೆಲಸ ಮಾಡುವ ಮಾತ್ರೆಯೂ ಇದೆ. ಎರಡೂ ತೂಕದ ಮೇಲೆ, ವೈದ್ಯರು ಹೇಳಿದಂತೆ. ದುಬಾರಿ, ನಿಜ. ದುಡ್ಡು ಉಳಿಸಲು ದನಕ್ಕೆ ತಂದ ಉಣುಗಿನ ಔಷಧಿಯನ್ನೇ ಕಣ್ಣಂದಾಜಿಗೆ ನೀರಿಗೆ ಹಾಕಿ ನಾಯಿಗೆ ಬಳಿಯುವವರಿದ್ದಾರೆ. ನಾಯಿ ನೆಕ್ಕಿ, ಜೊಲ್ಲು ಸುರಿಸಿ, ನಡುಗಿ ಬೀಳುವುದು ಆ ಉಳಿತಾಯದ ಫಲ.

ಊಟ ಬಿಟ್ಟು ಮಂಕಾಗಿ ಕೂತರೆ, ಒಸಡು ಬೆಳ್ಳಗಾದರೆ, ಮೂತ್ರ ಕಣ್ಣಚಹಾದ (ಹಾಲು ಹಾಕದ ಚಹಾದ) ಬಣ್ಣಕ್ಕೆ ತಿರುಗಿದರೆ, ಮೂಗಿನಿಂದ ರಕ್ತ ಬಂದರೆ ಉಣುಗು ಜ್ವರ ಎಂದುಕೊಂಡು ರಕ್ತಪರೀಕ್ಷೆಗೆ ಒಯ್ಯಿರಿ. ಅದರಲ್ಲಿ ಎರ್ಲೀಷಿಯಾ, ಬೆಬೀಸಿಯಾ ಎಂಬ ಎರಡು ಬೇರೆ ಬೇರೆ ರೋಗಗಳಿವೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ನಾಲ್ಕು ವಾರ. ಎರಡನೆಯದಕ್ಕೆ ಅದೊಂದೇ ಸಾಲದು. ಮೆಡಿಕಲ್ ಅಂಗಡಿಯಿಂದ ನೀವೇ ತಂದು ಕೊಡಬೇಡಿ ಎನ್ನುವುದು ಅದಕ್ಕೇ.

ಉಂಬಳ, ಅಂದರೆ ನೆಲದ ಜಿಗಣೆ, ಮಳೆಗಾಲದ್ದು. ಕಾಲಿಗೆ ಹತ್ತಿದ್ದಕ್ಕೆ ಉಪ್ಪು ಸಾಕು. ಬಿದ್ದ ಮೇಲೂ ರಕ್ತ ಹೆಪ್ಪುಗಟ್ಟದೆ ಸೋರುತ್ತದೆ, ಬಟ್ಟೆ ಒತ್ತಿಹಿಡಿದರೆ ನಿಲ್ಲುತ್ತದೆ. ಕಣ್ಣಿನ ಹತ್ತಿರ ಇದ್ದರೆ ಉಪ್ಪು ಹಾಕದೆ ಉಗುರಂಚಿನಿಂದ ಮೆಲ್ಲಗೆ ಬಿಡಿಸಿ.

ಬೇಸಿಗೆಯ ಕೊನೆಯಲ್ಲಿ ಹಳ್ಳ ಬತ್ತಿ ಗುಂಡಿಗಳಾಗಿ ಉಳಿದಾಗ ಬರುವ ತೊಂದರೆ ಬೇರೆ. ಅಲ್ಲಿ ನೀರು ಕುಡಿದ ನಾಯಿಯ ಮೂಗಿಗೆ ಎಳೆಯ ಜಿಗಣೆ ಹೊಕ್ಕು, ಒಳಗೇ ವಾರಗಟ್ಟಲೆ ಬೆಳೆಯುತ್ತದೆ. ಒಂದೇ ಹೊಳ್ಳೆಯಿಂದ ರಕ್ತ, ಮತ್ತೆ ಮತ್ತೆ ಸೀನು, ಮುಂಗಾಲಿನಿಂದ ಮೂಗು ಕೆರೆಯುವುದು, ಇವು ಗುರುತು. ನಾಯಿಗೆ ಮೂರ್ನಾಲ್ಕು ತಾಸು ನೀರು ಕೊಡದೆ, ಆಮೇಲೆ ಅಗಲ ಪಾತ್ರೆಯಲ್ಲಿ ತಣ್ಣೀರು ಮುಂದಿಟ್ಟು ಮೂಗು ನೀರಿನ ಹತ್ತಿರ ಇರುವಂತೆ ಹಿಡಿದರೆ ಜಿಗಣೆ ತುದಿ ಹೊರಚಾಚುತ್ತದೆ. ಒಣಬಟ್ಟೆಯಲ್ಲಿ ಹಿಡಿದು ಗಟ್ಟಿಯಾಗಿ, ನಿಧಾನ ಎಳೆಯಬೇಕು. ಜಾರಿದರೆ ಅದು ಮತ್ತೆ ಒಳಗೆ ಹೋಗುತ್ತದೆ, ತಾಳ್ಮೆಯ ಕೆಲಸ. ಎರಡು ಸಲಕ್ಕೆ ಆಗದಿದ್ದರೆ ವೈದ್ಯರಲ್ಲಿಗೆ. ಮೂಗಿಗೆ ಉಪ್ಪುನೀರು, ತಂಬಾಕಿನ ನೀರು ಬಿಡಬೇಡಿ. ಎಲ್ಲಕ್ಕಿಂತ ಸುಲಭ, ಹೊರಡುವ ಮುಂಚೆ ಮನೆಯಲ್ಲೇ ಹೊಟ್ಟೆತುಂಬ ನೀರು ಕುಡಿಸುವುದು.

ತೋಟದ ವಿಷಗಳು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಮಾತ್ರ ಕರಗಿದ ಬಕೆಟ್ಟೇ ಅಪಾಯಕಾರಿ. ಬಾಯಾರಿದ ನಾಯಿ ಅದನ್ನು ನೆಕ್ಕಿದರೆ ನೀಲಿ ಹಸಿರು ವಾಂತಿ, ಆಮೇಲೆ ಲಿವರ್‌ಗೆ ಪೆಟ್ಟು. ಔಷಧಿ ಹೊಡೆಯುವ ದಿನ ನಾಯಿ ಒಳಗಿರಲಿ, ಡ್ರಮ್ಮಿಗೆ ಮುಚ್ಚಳ ಇರಲಿ. ತೋಟಕ್ಕೆ ಹೋಗಿ ಬಂದರೆ ಪಾದ ತೊಳೆಯಿರಿ.

ಅಡಿಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದರ ಅರೆಕೋಲಿನ್ ಅನ್ನು ಹಿಂದೆ ನಾಯಿಯ ಲಾಡಿಹುಳಕ್ಕೆ ಔಷಧಿಯಾಗಿಯೇ ಬಳಸುತ್ತಿದ್ದರು, ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ಭೇದಿ, ನಡುಕ. ಕೊನೆಕೊಯ್ಲಿನ ದಿನಗಳಲ್ಲಿ ಮರಿನಾಯಿಗೆ ಉರುಳುವ ಅಡಿಕೆಯೇ ಚೆಂಡು, ಕಣ್ಣಿಡಿ. ಹಲಸಿನ ಬೇಳೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಲಿಗೆ ಇಡುವ ಕೇಕ್ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇರುತ್ತದೆ, ಆಮೇಲೆ ಒಳಗೆ ರಕ್ತ ಸೋರತೊಡಗುತ್ತದೆ. ತಿಂದದ್ದು ಕಂಡ ದಿನವೇ ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಹೋದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು.

ಊಟ

18 ಕಿಲೋ ತೂಗುವ, ದಿನಾ ಓಡಾಡುವ ನಾಯಿಗೆ ಒಂದು ದಿನಕ್ಕೆ 150 ಗ್ರಾಂ ಅಕ್ಕಿಯ ಅನ್ನ, ಎರಡು ಮೊಟ್ಟೆ, 100 ಗ್ರಾಂ ಕೋಳಿ ಅಥವಾ ಮೀನು, ಒಂದು ಹಿಡಿ ಸಿಹಿಗುಂಬಳವೋ ಮೊಗೆಕಾಯಿಯೋ, ಒಂದು ಚಮಚ ಕೊಬ್ಬರಿ ಎಣ್ಣೆ. ಎರಡು ಹೊತ್ತಿಗೆ ಹಂಚಿ. ಕರಾವಳಿಯಲ್ಲಿ ತಾರ್ಲೆ ಮೀನು ಅಗ್ಗಕ್ಕೆ ಸಿಗುವ ದಿನ ಅದನ್ನೇ ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವವರೆಗೆ ಬೇಯಿಸಿ. ಒಣಮೀನಿಗೆ ಉಪ್ಪು ಜಾಸ್ತಿ, ರಾತ್ರಿಯಿಡೀ ನೆನೆಸಿ ನೀರು ಚೆಲ್ಲಿದ ಮೇಲಷ್ಟೇ. ಬೇಯಿಸಿದ ಕೋಳಿಮೂಳೆ ಸೀಳಾಗಿ ಒಡೆಯುತ್ತದೆ, ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರೂ ಬೇಡ.

ಅಡುಗೆಮನೆಗೆ ಮೊಟ್ಟೆ ಬಾರದ ಮನೆಗಳಲ್ಲಿ ನಾಯಿಗೆ ಮಜ್ಜಿಗೆ ಅನ್ನವೇ ಗತಿ. ವರ್ಷದೊಳಗೆ ಕೂದಲು ಉದುರಿ ಬೆನ್ನು ಮೂಳೆ ಕಾಣುವುದು ಅದರಿಂದ. ಬಚ್ಚಲೊಲೆಯಲ್ಲಿ ಬೇರೆ ಪಾತ್ರೆ ಇಟ್ಟು ಮೊಟ್ಟೆ ಬೇಯಿಸುವವರಿದ್ದಾರೆ. ಅದೂ ಆಗದಿದ್ದರೆ ಅನ್ನದ ಜೊತೆ ಬೆಂದ ಹೆಸರುಬೇಳೆ, ಮೊಸರು, ಪೇಟೆಯ ಒಣ ಆಹಾರ ಒಂದಿಷ್ಟು ಸೇರಿಸಿ. ತಟ್ಟೆಯಲ್ಲಿ ಉಳಿದದ್ದನ್ನು ಆಗಲೇ ಎತ್ತಿಬಿಡಿ. ಉಳಿದ ಅನ್ನಕ್ಕೆ ಇಲಿ, ಇಲಿಯ ಹಿಂದೆ ಹಾವು.

ಹಾವು ಕಚ್ಚಿದರೆ

ನಾಯಿಗೆ ಕಚ್ಚುವುದು ಹೆಚ್ಚಾಗಿ ಮೂತಿಗೆ ಅಥವಾ ಮುಂಗಾಲಿಗೆ. ಕೊಳಕುಮಂಡಲವಾದರೆ ಊತ, ನೋವು, ರಕ್ತ ಸೋರುವುದು. ನಾಗರ, ಕಟ್ಟುಹಾವಾದರೆ ರೆಪ್ಪೆ ಜೋಲು, ಹಿಂಗಾಲು ಸೋಲು, ಉಸಿರಾಟ ಕಷ್ಟ. ಪಟ್ಟಿ ಬಿಚ್ಚಿ, ಏಕೆಂದರೆ ಕುತ್ತಿಗೆ ಊದುತ್ತದೆ. ನಡೆಸದೆ ಹೊತ್ತುಕೊಳ್ಳಿ. ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು, ಅರಿಶಿನ ಮೆತ್ತುವುದು ಎಲ್ಲ ಹೊತ್ತುಗಳೆಯುವ ಕೆಲಸ. ಹೊರಡುವ ಮುಂಚೆ ಪಶು ಆಸ್ಪತ್ರೆಗೆ ಫೋನು ಮಾಡಿ ಪ್ರತಿವಿಷ ಇದೆಯೇ ಕೇಳಿ, ಎಲ್ಲ ಕಡೆ ದಾಸ್ತಾನು ಇರುವುದಿಲ್ಲ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ತೋಟದ ತರಗೆಲೆಯಲ್ಲಿ ಮಲಗುವ, ಮೂಗು ಮೇಲೆತ್ತಿದ ಸಣ್ಣ ಮಂಡಲಕ್ಕೆ ಅದು ನಾಟುವುದಿಲ್ಲ, ಸಲೈನ್ ಮತ್ತು ಆರೈಕೆಯೇ ದಾರಿ. ಹಾವು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೋ ಸಿಕ್ಕರೆ ಸಾಕು.

ನಾಯಿ ಕಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಬಂದರೆ ಗಾಬರಿ ಬೇಡ. ತಲೆ ಕೆಳಗೆ ಬಾಗಿಸಿ, ಬಾಯಿಯ ಬದಿಯಿಂದ ಹತ್ತು ನಿಮಿಷ ನೀರು ಹಾಯಿಸಿ, ಗಂಟಲಿಗೆ ಹೋಗದಂತೆ. ನಡುಕ ಬಂದರೆ ಮಾತ್ರ ವೈದ್ಯರು.

ಮುಳ್ಳುಹಂದಿಯ ಮುಳ್ಳನ್ನು ಕತ್ತರಿಸಬೇಡಿ, ಸೀಳಾಗಿ ಒಳಗೆ ಉಳಿಯುತ್ತದೆ. ಇಕ್ಕಳದಿಂದ ಬುಡದಲ್ಲಿ ಹಿಡಿದು ನೇರ ಎಳೆಯಿರಿ. ಕಣ್ಣು, ಬಾಯೊಳಗೆ, ಎದೆಯ ಭಾಗದ್ದನ್ನು ವೈದ್ಯರಿಗೇ ಬಿಡಿ.

ಉರುಳು ಇನ್ನೊಂದು. ಹಂದಿಗೆಂದು ಕದ್ದು ಕಟ್ಟಿದ ತಂತಿಗೆ ನಾಯಿ ಸಿಕ್ಕಿದರೆ ಅದು ಎಳೆದಷ್ಟೂ ಬಿಗಿಯುತ್ತದೆ. ಮೊದಲು ತಲೆಯ ಮೇಲೆ ಗೋಣಿ ಹಾಕಿ, ನೋವಿನಲ್ಲಿ ಸ್ವಂತ ನಾಯಿಯೂ ಕಚ್ಚುತ್ತದೆ. ಗೂಟದ ಕಡೆಗೆ ನಾಯಿಯನ್ನು ತಳ್ಳಿ ತಂತಿ ಸಡಿಲ ಮಾಡಿ, ಆಮೇಲೆ ಕತ್ತರಿಸಿ. ತಂತಿ ಕತ್ತರಿಸುವ ಇಕ್ಕಳ ಬೆಟ್ಟಕ್ಕೆ ಹೋಗುವಾಗ ಕಿಸೆಯಲ್ಲಿರಲಿ. ಹೊಟ್ಟೆಗೆ ಬಿಗಿದಿದ್ದರೆ ಹೊರಗೆ ಗಾಯ ಕಾಣದಿದ್ದರೂ ತೋರಿಸಿ.

ಚುಚ್ಚುಮದ್ದು ಮತ್ತು ಕಾಡಿನ ಕಾನೂನು

ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೋ ಎಂಬ ವೈರಸ್ ರೋಗಗಳು ಸೇರಿದ ಲಸಿಕೆ, ಮೂರ್ನಾಲ್ಕು ವಾರಕ್ಕೊಮ್ಮೆ ಮತ್ತೆ, ನಾಲ್ಕು ತಿಂಗಳು ತುಂಬುವವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಇಲಿಜ್ವರದ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಿ. ಜಂತುಹುಳದ ಔಷಧಿ ಮೂರು ತಿಂಗಳಿಗೊಮ್ಮೆ, ಮರಿಗೆ ಇನ್ನೂ ಬೇಗ ಬೇಗ. ರೇಬಿಸ್ ಸಂಶಯದ ಪ್ರಾಣಿ ನಿಮಗೆ ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ.

ಡಿಸ್ಟೆಂಪರ್ ಲಸಿಕೆ ಕಾಡಿಗೂ ಬೇಕಾದ್ದು. 2018ರಲ್ಲಿ ಗಿರ್‌ನಲ್ಲಿ ಸಿಂಹಗಳು ಸತ್ತಾಗ ಕಂಡದ್ದು ಇದೇ ವೈರಸ್. ಸೀಳುನಾಯಿಗೂ ಇದು ತಗಲುತ್ತದೆ. ನಾಯಿ ಬಿಟ್ಟು ಮೊಲ, ಹಂದಿ ಹಿಡಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯೇ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ನಾಯಿಯನ್ನು ಕರೆದೊಯ್ಯಬೇಡಿ. ಅಘನಾಶಿನಿ ಕೊಳ್ಳದಲ್ಲಿ ಸಿಂಗಳೀಕದ ಹಿಂಡು ಓಡಾಡುವ ಕಡೆ ಹಗ್ಗ ಬಿಚ್ಚಬೇಡಿ.

ಆಪತ್ತಿಗೆ

ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುತ್ತದೆ, ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಮೇ ಮುಗಿಯುವುದರೊಳಗೆ ಒಂದು ಡಬ್ಬಿ ತುಂಬಿಡಿ: ಚಿಮಟ, ಇಕ್ಕಳ, ಗಾಜ್ ಬಟ್ಟೆ, ಪೊವಿಡೋನ್ ಅಯೋಡಿನ್, ಓಆರ್‌ಎಸ್, ವೈದ್ಯರು ಬರೆದುಕೊಟ್ಟ ಉಣುಗಿನ ಮಾತ್ರೆ, ಬಾಯಿ ಕಟ್ಟಲು ಉದ್ದನೆಯ ಬಟ್ಟೆಪಟ್ಟಿ, ಹೊರಲು ಗಟ್ಟಿ ಗೋಣಿ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಆ ಡಬ್ಬಿಯಲ್ಲಿ ಇರಕೂಡದು, ಜ್ವರದ ನಾಯಿಗೆ ಯಾರಾದರೂ ಕೊಟ್ಟುಬಿಡುತ್ತಾರೆ. ಸಂಚಾರಿ ಪಶು ಚಿಕಿತ್ಸೆಗೆ 1962 ಸಂಖ್ಯೆಗೆ ಫೋನು ಮಾಡಿ. ತಾಲೂಕಿನಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ.

ಎರಡು ದಿನ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾದರೆ ಅನ್ನ ಇಟ್ಟು ಅಂಗಳದಲ್ಲಿ ಬಿಟ್ಟು ಹೋಗುವುದು ನಡೆಯದು. ಕೆಲಸಕ್ಕೆ ಬರುವವರಲ್ಲಿ ಒಬ್ಬರ ಕೈಯಲ್ಲಿ ತಿಂಗಳಿಗೆ ಮೂರ್ನಾಲ್ಕು ಸಲವಾದರೂ ನಾಯಿಗೆ ಊಟ ಹಾಕಿಸಿ, ಅವರ ಸೀಟಿಗೂ ಅದು ಬರುವಂತೆ ರೂಢಿ ಮಾಡಿಸಿ. ಸಂಜೆ ಎಷ್ಟು ಹೊತ್ತಿಗೆ ನಾಯಿಯನ್ನು ಒಳಗೆ ಕೂಡಬೇಕು, ಎರಡು ಚಿಲಕ ಹೇಗೆ ಹಾಕಬೇಕು ಎಂಬುದನ್ನು ನೀವಿರುವಾಗಲೇ ಅವರ ಕೈಯಿಂದ ಒಮ್ಮೆ ಮಾಡಿಸಿ ನೋಡಿ.